ಕೂಡುಕೆಲಸಕ್ಕೆ ಗಣಕದ ನೆರವು: ತಿಪಟೂರು ಸೀಮೆಯ ಕೊಬ್ಬರಿ ಟೆಂಡರ್

ಕೂಡುಕೆಲಸಕ್ಕೆ ಗಣಕದ ನೆರವು ಎಂಬುದು, ಹಲವರು ಸೇರಿ ಮಾಡುವ ಕೆಲಸಕ್ಕೆ ಗಣಕಯಂತ್ರ ಎಲ್ಲಿ ಒದಗುತ್ತದೆ, ಎಲ್ಲಿ ಅಡ್ಡ ಬರುತ್ತದೆ ಎಂಬುದನ್ನು ಪರಿಶೀಲಿಸುವ ಸಂಶೋಧನಾ ಕ್ಷೇತ್ರ. ಗಣಕ ವಿಜ್ಞಾನಿಗಳ ಜೊತೆಗೆ ಸಮಾಜಶಾಸ್ತ್ರಜ್ಞರೂ ಮಾನವಶಾಸ್ತ್ರಜ್ಞರೂ ಇದರಲ್ಲಿ ತೊಡಗಿದ್ದಾರೆ. ಐರೀನ್ ಗ್ರೈಫ್ ಮತ್ತು ಪಾಲ್ ಕ್ಯಾಶ್‌ಮನ್ 1984ರಲ್ಲಿ ಅಮೆರಿಕದಲ್ಲಿ ಕರೆದ ಕಾರ್ಯಾಗಾರದಲ್ಲಿ ಕ್ಷೇತ್ರಕ್ಕೆ ಈ ಹೆಸರು ಬಿತ್ತು. ಮೊದಲ ಸಮ್ಮೇಳನ 1986ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ನಡೆಯಿತು. ಇದರ ಬೇರು ಇನ್ನೂ ಹಿಂದಿನದು. 1968ರ ಡಿಸೆಂಬರ್ 9ರಂದು ಡಗ್ಲಾಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯಲ್ಲಿ ಕೂತು, ದೂರದ ಪ್ರಯೋಗಾಲಯದಲ್ಲಿದ್ದ ಸಹೋದ್ಯೋಗಿಯೊಡನೆ ಒಂದೇ ತೆರೆಯ ಮೇಲೆ ಕೆಲಸ ಮಾಡಿ ತೋರಿಸಿದ್ದರು.

ಆರಂಭದ ವರ್ಷಗಳಲ್ಲಿ ಕೆಲಸವನ್ನು ಕಾಲ ಮತ್ತು ಸ್ಥಳದ ಲೆಕ್ಕದಲ್ಲಿ ನಾಲ್ಕು ಮನೆಗಳಿಗೆ ಹಂಚುವ ಪಟ್ಟಿ ಪ್ರಚಾರದಲ್ಲಿತ್ತು: ಒಂದೇ ಕಡೆ ಒಂದೇ ಹೊತ್ತಿಗೆ ಮಾಡುವುದು, ಬೇರೆ ಕಡೆ ಬೇರೆ ಹೊತ್ತಿಗೆ ಮಾಡುವುದು, ಹೀಗೆ. ಅದಕ್ಕಿಂತ ಬಾಳಿಕೆ ಬಂದದ್ದು ಎರಡು ವಿಚಾರ. ಒಂದು, ಜೊನಾಥನ್ ಗ್ರೂಡಿನ್ 1988ರಲ್ಲಿ ಹೇಳಿದ್ದು: ವಿವರ ತುಂಬುವ ಶ್ರಮ ಒಬ್ಬರದು, ಲಾಭ ಇನ್ನೊಬ್ಬರದು ಆದ ಕಡೆ ವ್ಯವಸ್ಥೆ ಸೋಲುತ್ತದೆ. ಇನ್ನೊಂದು, ಕೆಯೆಲ್ಡ್ ಶ್ಮಿಟ್ ಮತ್ತು ಲಿಯಾಮ್ ಬ್ಯಾನನ್ 1992ರಲ್ಲಿ ಮುಂದಿಟ್ಟದ್ದು: ಮುಖ್ಯ ಕೆಲಸಗಳನ್ನು ಒಂದಕ್ಕೊಂದು ಹೊಂದಿಸುವುದೇ ಒಂದು ಕೆಲಸ. ಲಂಡನ್ನಿನ ಸುರಂಗ ರೈಲಿನ ನಿಯಂತ್ರಣ ಕೊಠಡಿಯಲ್ಲಿ ಒಬ್ಬರ ಫೋನ್ ಮಾತಿಗೆ ಪಕ್ಕದವರು ಕಿವಿಗೊಟ್ಟು ತಮ್ಮ ಕೆಲಸ ಬದಲಿಸಿಕೊಳ್ಳುವುದನ್ನು ಹೀತ್ ಮತ್ತು ಲಫ್ ದಾಖಲಿಸಿದ ಅಧ್ಯಯನ ಈ ಸಾಲಿನದೇ.

ಕರ್ನಾಟಕದಲ್ಲಿ ಇಂಥ ಸಂಶೋಧನೆಗೆ ನೆಲೆಯಾದದ್ದು ಬೆಂಗಳೂರು. 2005ರಲ್ಲಿ ಆರಂಭವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ, ಶಾಲೆಯ ಒಂದೇ ಕಂಪ್ಯೂಟರಿಗೆ ಹಲವು ಮೌಸ್ ಜೋಡಿಸಿ ಮಕ್ಕಳೆಲ್ಲರ ಕೈಗೂ ಕೆಲಸ ಕೊಡುವ ಪ್ರಯೋಗ ನಡೆಯಿತು. ರೈತರೇ ಕಾಣಿಸಿಕೊಳ್ಳುವ ವಿಡಿಯೊಗಳನ್ನು ಊರವರು ಗುಂಪಾಗಿ ನೋಡುವ ಡಿಜಿಟಲ್ ಗ್ರೀನ್ ಹುಟ್ಟಿದ್ದೂ ಅಲ್ಲೇ. ಆದರೆ ಕ್ಷೇತ್ರದ ಪ್ರಶ್ನೆಗಳು ಎದ್ದು ಕಾಣುವುದು ಪ್ರಯೋಗಾಲಯದ ಹೊರಗೆ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಕೊಬ್ಬರಿ ವಹಿವಾಟು ಅದಕ್ಕೆ ಒಳ್ಳೆಯ ನಿದರ್ಶನ.

ಈ ಸೀಮೆಯದು ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಹರಡಿ ಹತ್ತು-ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಎನ್ನುವಾಗ ಸುಲಿದು ಚಿಪ್ಪು ಒಡೆದು ಇಡೀ ಉಂಡೆ ತೆಗೆಯುತ್ತಾರೆ. ಮಾಲು ಬಹುಪಾಲು ಉತ್ತರ ಭಾರತಕ್ಕೆ ಹೋಗುತ್ತದೆ. ತಿಪಟೂರಿನ ಎಪಿಎಂಸಿ ಯಾರ್ಡಿನಲ್ಲಿ ರೈತ, ದಲ್ಲಾಳಿ, ಹೊರರಾಜ್ಯಕ್ಕೆ ಕಳಿಸುವ ರವಾನೆದಾರ, ಹಮಾಲ, ತೂಕದವರು, ಸಮಿತಿಯ ಸಿಬ್ಬಂದಿ ಎಲ್ಲರೂ ಒಂದೇ ದಿನ ಒಬ್ಬರಿಗೊಬ್ಬರು ಒದಗಿದರೆ ಮಾತ್ರ ಚೀಲ ಲಾರಿ ಸೇರುತ್ತದೆ.

ಈ ಸರಪಳಿಗೆ ಗಣಕ ಬಂದದ್ದು ಇ-ಟೆಂಡರ್ ರೂಪದಲ್ಲಿ. ಕರ್ನಾಟಕ ಸರ್ಕಾರ ಮತ್ತು ಸರಕು ವಿನಿಮಯ ಕೇಂದ್ರವಾದ ಎನ್‌ಸಿಡಿಇಎಕ್ಸ್‌ನ ಅಂಗಸಂಸ್ಥೆ ಸಮಪಾಲಿನಲ್ಲಿ ಕಟ್ಟಿದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಕಂಪನಿ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. ಮುಂದೆ ರಾಜ್ಯದ 160ಕ್ಕೂ ಹೆಚ್ಚು ಮಾರುಕಟ್ಟೆಗಳು ಅದಕ್ಕೆ ಸೇರಿದವು. 2016ರ ಏಪ್ರಿಲ್ 14ರಂದು ಚಾಲನೆಗೊಂಡ ಕೇಂದ್ರದ ರಾಷ್ಟ್ರೀಯ ಕೃಷಿ ಮಾರುಕಟ್ಟೆ ಜಾಲ ಇ-ನಾಮ್‌ಗೂ ಈ ಕರ್ನಾಟಕದ ಅನುಭವವೇ ಮೇಲ್ಪಂಕ್ತಿಯಾಯಿತು. ಗೇಟಿನಲ್ಲಿ ಮಾಲಿನ ವಿವರ ದಾಖಲಾಗಿ ಲಾಟಿಗೊಂದು ಸಂಖ್ಯೆ ಬೀಳುತ್ತದೆ. ಖರೀದಿದಾರರು ಒಬ್ಬರ ದರ ಇನ್ನೊಬ್ಬರಿಗೆ ಕಾಣದಂತೆ ದರ ನಮೂದಿಸುತ್ತಾರೆ. ಗಡುವು ಮುಗಿದ ಮೇಲೆ ಲಾಟುವಾರು ಅತಿ ಹೆಚ್ಚಿನ ದರವನ್ನು ತಂತ್ರಾಂಶವೇ ಆರಿಸುತ್ತದೆ. ದರ ಒಪ್ಪಿಗೆಯಾಗದಿದ್ದರೆ ರೈತ ಮಾಲು ಕೊಡದೆ ಇರಬಹುದು. ಆಮೇಲೆ ತೂಕ, ಬಿಲ್ಲು, ಹಣ.

ಚೀಟಿಯಲ್ಲಿ ದರ ಬರೆದು ಹಾಕುವ ಪದ್ಧತಿಯಲ್ಲಿ ಚೀಟಿ ಬಿಚ್ಚಿ ಜೋಡಿಸುವ ಕೈಗಳ ಮೇಲೆ ಅನುಮಾನ ಉಳಿಯುತ್ತಿತ್ತು. ಆ ಅನುಮಾನವನ್ನು ಯಂತ್ರ ತೆಗೆದುಹಾಕಿತು. ಇದು ಸಣ್ಣ ಗಳಿಕೆಯಲ್ಲ. ಆದರೆ ಯಂತ್ರಕ್ಕೆ ಸಿಕ್ಕಿದ್ದು ದರ ಹೋಲಿಸುವ ಕೆಲಸ ಮಾತ್ರ. ದರ ಎಷ್ಟೆಂದು ತೀರ್ಮಾನಿಸಲು ಖರೀದಿದಾರ ಈಗಲೂ ಒಬ್ಬ ದಲ್ಲಾಳಿಯ ಮಂಡಿಯಿಂದ ಇನ್ನೊಬ್ಬರ ಮಂಡಿಗೆ ನಡೆದು, ಚೀಲಕ್ಕೆ ಕೈಹಾಕಿ, ಉಂಡೆಯ ಗಾತ್ರ ನೋಡಿ, ಮೂಸಿ, ಸಂಶಯ ಬಂದರೆ ಒಂದನ್ನು ಹೋಳು ಮಾಡಿ ಬಿಳುಪು ನೋಡಬೇಕು. ಕೌಟು ಹಿಡಿದ ಒಂದೆರಡು ಉಂಡೆ ಸಿಕ್ಕರೂ ಇಡೀ ಲಾಟಿನ ದರ ಇಳಿಯುತ್ತದೆ. ವೇದಿಕೆಯ ಆಶಯವೇನೋ ದೆಹಲಿಯಲ್ಲಿ ಕೂತವರೂ ದರ ನಮೂದಿಸಲಿ ಎಂಬುದು. ಗುಣಮಟ್ಟ ಅಳೆದು ಎಲ್ಲರೂ ನಂಬುವ ದಾಖಲೆ ಕೊಡುವ ಏರ್ಪಾಡು ಗಟ್ಟಿಯಾಗದ ಹೊರತು, ದೂರದ ವ್ಯಾಪಾರಿಗೆ ಯಾರ್ಡಿನಲ್ಲೊಬ್ಬ ನಂಬಿಕಸ್ಥ ಬೇಕೇ ಬೇಕು. ಆ ನಂಬಿಕಸ್ಥ ಹೆಚ್ಚಾಗಿ ಸ್ಥಳೀಯ ವರ್ತಕನೇ. ದಲ್ಲಾಳಿಯ ಪಾತ್ರವೂ ಹಾಗೆಯೇ ಉಳಿದಿದೆ. ಮಗಳ ಮದುವೆಗೋ ಬೋರ್‌ವೆಲ್ಲಿಗೋ ಮುಂಗಡ ಕೊಟ್ಟ ಮಂಡಿಗೇ ಕೊಬ್ಬರಿ ಹೋಗುವಾಗ, ದರ ಒಪ್ಪದಿರುವ ಹಕ್ಕನ್ನು ಚಲಾಯಿಸುವುದು ಸುಲಭವಲ್ಲ. ಸಾಲದ ಈ ಸಂಬಂಧ ತೆರೆಯ ಮೇಲೆ ಎಲ್ಲೂ ಮೂಡುವುದಿಲ್ಲ.

ವೇದಿಕೆಯ ಪರಿಣಾಮವನ್ನು ರೆಟ್ಸೆಫ್ ಲೆವಿ, ಮನೋಜ್ ರಾಜನ್, ಸೌಮ್ಯ ಸಿಂಘ್ವಿ, ಯಾನ್‌ಚಾಂಗ್ ಝೆಂಗ್ ಅಳೆದು 2020ರಲ್ಲಿ ಪ್ರಕಟಿಸಿದರು. ಭತ್ತದ ದರ ಶೇ 5.1, ಶೇಂಗಾ ಶೇ 3.6, ಮೆಕ್ಕೆಜೋಳ ಶೇ 3.5ರಷ್ಟು ಏರಿತ್ತು. ಹತ್ತಿ, ಹೆಸರು, ತೊಗರಿಯಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಸಾಗಣೆಯ ತೊಡಕು, ಟೆಂಡರ್ ಹಾಕುವ ಪ್ರಕ್ರಿಯೆ, ಖರೀದಿದಾರರ ಸಂಖ್ಯೆ ಇಂಥವು ಕಾರಣ ಎಂದು ಅವರು ಗುರುತಿಸಿದರು. ಈ ಆರರಲ್ಲಿ ಕೊಬ್ಬರಿ ಇಲ್ಲ. ಲೇಖಕರಲ್ಲಿ ಮನೋಜ್ ರಾಜನ್ ಸ್ವತಃ ವೇದಿಕೆ ನಡೆಸುವ ಕಂಪನಿಯ ಮುಖ್ಯಸ್ಥರಾಗಿದ್ದವರು ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ದರದ ಅಂಕಿಗಳನ್ನು ಸ್ಥಳಕ್ಕೇ ಹೋಗಿ ಪರೀಕ್ಷಿಸಿದ ನಿದರ್ಶನವೂ ಇದೆ: ಕೇರಳದ ಮೀನುಗಾರರಿಗೆ ಮೊಬೈಲ್ ಬಂದು ಮಾರುಕಟ್ಟೆ ಸರಿಹೋಯಿತೆಂಬ ರಾಬರ್ಟ್ ಜೆನ್ಸನ್ನರ 2007ರ ಪ್ರಸಿದ್ಧ ಪ್ರಬಂಧವನ್ನು ಜಾನಕಿ ಶ್ರೀನಿವಾಸನ್ ಮತ್ತು ಜೆನ್ನಾ ಬರೆಲ್ 2013ರಲ್ಲಿ ಕ್ಷೇತ್ರಕಾರ್ಯದ ಮೂಲಕ ಮರುಪರಿಶೀಲನೆಗೆ ಒಳಪಡಿಸಿದ್ದರು. ಅಂಥ ನಿಧಾನದ, ಯಾರ್ಡಿನಲ್ಲಿ ನಿಂತು ನೋಡುವ ಅಧ್ಯಯನ ಕೊಬ್ಬರಿಗೂ ಬೇಕು.

ಟೆಂಡರ್ ದರ ಕುಸಿದಾಗ ಇನ್ನೊಂದು ಗಣಕ ವ್ಯವಸ್ಥೆ ಮುಂದೆ ಬರುತ್ತದೆ. ಸರ್ಕಾರದ ಬೆಂಬಲ ಬೆಲೆಯಲ್ಲಿ ಸಹಕಾರ ಮಾರಾಟ ಮಹಾಮಂಡಳವಾದ ನಾಫೆಡ್‌ಗೆ ಮಾರಲು ರೈತರಿಗೆ ರಾಜ್ಯದ ರೈತ ನೋಂದಣಿ ತಂತ್ರಾಂಶವಾದ ‘ಫ್ರೂಟ್ಸ್’ ದಾಖಲಾತಿಯ ಗುರುತಿನ ಸಂಖ್ಯೆ ಬೇಕು. ಆ ದಾಖಲಾತಿ ಭೂದಾಖಲೆಗಳ ತಂತ್ರಾಂಶವಾದ ‘ಭೂಮಿ’ಯ ಪಹಣಿಗೆ ಕೊಂಡಿಯಾಗಿದೆ. 2024ರ ಆರಂಭದಲ್ಲಿ ಕ್ವಿಂಟಲ್‌ಗೆ ಕೇಂದ್ರದ 12,000 ರೂಪಾಯಿಗೆ ರಾಜ್ಯ 1,500 ಸೇರಿಸಿದಾಗ ನೋಂದಣಿಗೆ ನೂಕುನುಗ್ಗಲಾಯಿತು. ಅಕ್ರಮದ ದೂರುಗಳು ಬಂದು, ಮೊದಲ ನೋಂದಣಿ ರದ್ದಾಗಿ, ಬೆರಳಚ್ಚು ಪಡೆದು ಮತ್ತೆ ನೋಂದಾಯಿಸಬೇಕಾಯಿತು. ವರ್ತಕರ ಮಾಲು ರೈತರ ಹೆಸರಿನಲ್ಲಿ ನುಗ್ಗದಂತೆ ತಡೆಯಲು ಹಾಕಿದ ಈ ಬಿಗಿಗೆ ಇನ್ನೊಂದು ಮುಖವೂ ಇದೆ. ಕಾಯಿ ಕೀಳಿಸುವುದು, ಅಟ್ಟಕ್ಕೆ ಏರಿಸುವುದು, ಸುಲಿಸುವುದು ಇಡೀ ಮನೆಯವರ ಕೂಡುಕೆಲಸ. ಪಹಣಿಯಲ್ಲಿರುವುದು ಮಾತ್ರ ಒಂದು ಹೆಸರು, ಎಷ್ಟೋ ಕಡೆ ತೀರಿಕೊಂಡ ಅಜ್ಜನದು. ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗುವವರೆಗೆ ಆ ತೋಟದ ಕೊಬ್ಬರಿಗೆ ಖರೀದಿ ಕೇಂದ್ರದಲ್ಲಿ ಜಾಗವಿಲ್ಲ. ಅದು ಟೆಂಡರ್ ದರಕ್ಕೇ ಹೋಗಬೇಕು.