ಆಟೋ ಎಕ್ಸ್‌ಪೋ: ತಿರುಗುವ ವೇದಿಕೆಯಿಂದ ರಸ್ತೆಯವರೆಗೆ

ವಾಹನ ಮೇಳವೆಂದರೆ ಝಗಮಗಿಸುವ ದೀಪಗಳು, ತಿರುಗುವ ವೇದಿಕೆ, ಅದರ ಮೇಲೆ ಪರದೆ ಹೊದ್ದು ನಿಂತ ಕಾರು. ಪರದೆ ಸರಿದೊಡನೆ ಕ್ಯಾಮೆರಾಗಳು ಮಿಂಚುತ್ತವೆ. ಮರುದಿನದ ಪತ್ರಿಕೆಗಳಲ್ಲಿ ಚಿತ್ರ ಅಚ್ಚಾಗುತ್ತದೆ. ಹೀಗೆ ಅನಾವರಣಗೊಂಡ ಕಾರು ಷೋರೂಮಿಗೆ ಯಾವಾಗ ಬರುತ್ತದೆ, ಅದೇ ರೂಪದಲ್ಲಿ ಬರುತ್ತದೆಯೇ, ಅಸಲಿಗೆ ಬರುತ್ತದೆಯೇ ಎಂಬ ಪ್ರಶ್ನೆಗಳು ಮಾತ್ರ ಆ ದಿನ ಹಿಂದೆ ಉಳಿಯುತ್ತವೆ. ದೆಹಲಿಯ ಆಟೋ ಎಕ್ಸ್‌ಪೋದ ಸುಮಾರು ನಾಲ್ಕು ದಶಕಗಳ ಇತಿಹಾಸದಲ್ಲಿ ಈ ಪ್ರಶ್ನೆಗಳಿಗೆ ಬಗೆಬಗೆಯ ಉತ್ತರಗಳು ಸಿಗುತ್ತವೆ.

ಮೇಳದ ಹುಟ್ಟು, ಬೆಳವಣಿಗೆ

ಮೊದಲ ಆಟೋ ಎಕ್ಸ್‌ಪೋ ನಡೆದದ್ದು 1986ರ ಜನವರಿಯಲ್ಲಿ, ನವದೆಹಲಿಯ ಪ್ರಗತಿ ಮೈದಾನದಲ್ಲಿ. ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳ ಕಾಲ ಮುಗಿದಿರಲಿಲ್ಲ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಆಗಿನ್ನೂ ಹೊಸ ಕಾರು. ಎರಡನೆಯ ಮೇಳಕ್ಕೆ 1993ರವರೆಗೆ ಕಾಯಬೇಕಾಯಿತು. ಕಾರು ತಯಾರಿಕೆಗೆ ಲೈಸೆನ್ಸ್ ಪಡೆಯುವ ಕಟ್ಟುಪಾಡು ಸಡಿಲಗೊಂಡದ್ದೂ ಅದೇ ವರ್ಷ. ಮೂರನೆಯ ಮೇಳ 1996ರಲ್ಲಿ ನಡೆಯಿತು. ಅಲ್ಲಿಂದ ಮುಂದೆ ಎರಡು ವರ್ಷಕ್ಕೊಮ್ಮೆ ಮೇಳ ನಡೆಸುವ ಪದ್ಧತಿ ನೆಲೆಗೊಂಡಿತು.

ಜನಜಂಗುಳಿ ಹೆಚ್ಚಿದಂತೆ ಪ್ರಗತಿ ಮೈದಾನ ಸಾಲದಾಯಿತು. 2014ರಲ್ಲಿ ವಾಹನ ಪ್ರದರ್ಶನವನ್ನು ಉತ್ತರ ಪ್ರದೇಶದ ಗ್ರೇಟರ್ ನೋಯ್ಡಾಕ್ಕೆ ಸ್ಥಳಾಂತರಿಸಿ, ಬಿಡಿಭಾಗಗಳ ಪ್ರದರ್ಶನವನ್ನು ದೆಹಲಿಯಲ್ಲಿಯೇ ಉಳಿಸಿಕೊಳ್ಳಲಾಯಿತು. ಕೋವಿಡ್ ಕಾರಣದಿಂದ 2022ರ ಮೇಳ ಮುಂದಕ್ಕೆ ಹೋಗಿ 2023ರ ಜನವರಿಯಲ್ಲಿ ನಡೆಯಿತು. 2025ರ ಜನವರಿಯಲ್ಲಿ ಅದು ಮತ್ತೆ ಪ್ರಗತಿ ಮೈದಾನಕ್ಕೆ ಮರಳಿ, ಅಲ್ಲಿ ಹೊಸದಾಗಿ ನಿರ್ಮಾಣಗೊಂಡ ಭಾರತ್ ಮಂಟಪದಲ್ಲಿ ‘ಭಾರತ್ ಮೊಬಿಲಿಟಿ ಗ್ಲೋಬಲ್ ಎಕ್ಸ್‌ಪೋ’ದ ಭಾಗವಾಗಿ ನಡೆಯಿತು.

ವೇದಿಕೆಯ ಮೇಲೆ ಮೂರು ಬಗೆ

ಮೇಳದಲ್ಲಿ ಅನಾವರಣಗೊಳ್ಳುವ ಕಾರುಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಕಾನ್ಸೆಪ್ಟ್ ಕಾರು. ಇದು ವಿನ್ಯಾಸಕಾರರ ಕಲ್ಪನೆ. ದೊಡ್ಡ ಗಾಲಿಗಳು, ತೆಳುವಾದ ದೀಪಗಳು, ಕನ್ನಡಿಯ ಜಾಗದಲ್ಲಿ ಕ್ಯಾಮೆರಾಗಳು ಇದರ ಲಕ್ಷಣ. ಎಷ್ಟೋ ಕಾನ್ಸೆಪ್ಟ್ ಕಾರುಗಳಿಗೆ ರಸ್ತೆಯಲ್ಲಿ ಓಡುವ ಸಾಮರ್ಥ್ಯವೇ ಇರುವುದಿಲ್ಲ. ಎರಡನೆಯದು ಉತ್ಪಾದನೆಗೆ ಹತ್ತಿರವಾದ ಮಾದರಿ; ಇದರ ಆಕಾರ ಬಹುಮಟ್ಟಿಗೆ ಅಂತಿಮವಾಗಿರುತ್ತದೆ, ಬೆಲೆ ಮಾತ್ರ ಹೊರಬಿದ್ದಿರುವುದಿಲ್ಲ. ಮೂರನೆಯದು ಬೆಲೆ ಸಹಿತ ಬಿಡುಗಡೆಯಾಗುವ ಕಾರು.

ಮೊದಲ ಬಗೆಯಿಂದ ಮೂರನೆಯದಕ್ಕೆ ತಲುಪುವ ಹಾದಿ ದೀರ್ಘವಾದುದು. ಮಾರುತಿ ಸುಜುಕಿ 2012ರಲ್ಲಿ ‘ಎಕ್ಸ್‌ಎ ಆಲ್ಫಾ’ ಎಂಬ ಕಾನ್ಸೆಪ್ಟ್ ಕಾರನ್ನು ತೋರಿಸಿತು; ಅದು ವಿಟಾರಾ ಬ್ರೆಝಾ ಆಗಿ ಮಾರುಕಟ್ಟೆಗೆ ಬಂದದ್ದು 2016ರ ಮಾರ್ಚಿನಲ್ಲಿ. ಟಾಟಾ ಮೋಟಾರ್ಸ್ 2018ರಲ್ಲಿ ತೋರಿಸಿದ ‘ಎಚ್5ಎಕ್ಸ್’ 2019ರಲ್ಲಿ ಹ್ಯಾರಿಯರ್ ಆಯಿತು, ‘45ಎಕ್ಸ್’ 2020ರಲ್ಲಿ ಆಲ್ಟ್ರೋಜ್ ಆಯಿತು. ಅದೇ 2018ರ ಮೇಳದಲ್ಲಿ ನೋಡುಗರನ್ನು ಸೆಳೆದ ಟಾಟಾದ ಎರಡು ಆಸನಗಳ ಸ್ಪೋರ್ಟ್ಸ್ ಕಾರು ‘ರೇಸ್ಮೊ’ ಮಾತ್ರ ಗ್ರಾಹಕರ ಕೈಗೆ ಬರಲೇ ಇಲ್ಲ.

ಇಂಡಿಕಾ: ಮಾತು ಉಳಿಸಿಕೊಂಡ ಕಾರು

1998ರ ಜನವರಿಯ ಮೇಳದಲ್ಲಿ ಟಾಟಾ ಸಂಸ್ಥೆ ಇಂಡಿಕಾ ಕಾರನ್ನು ಪ್ರದರ್ಶಿಸಿತು. ಲಾರಿ, ಬಸ್ಸುಗಳಿಗೆ ಹೆಸರಾದ ಸಂಸ್ಥೆಯೊಂದು ತಾನೇ ರೂಪಿಸಿದ ಸಣ್ಣ ಕಾರನ್ನು ಮುಂದಿಟ್ಟದ್ದು ಅಂದು ದೊಡ್ಡ ಸುದ್ದಿ. ಝೆನ್‌ನಷ್ಟು ಗಾತ್ರ, ಅಂಬಾಸಿಡರ್‌ನಷ್ಟು ಒಳಜಾಗ, ಮಾರುತಿ 800ಕ್ಕೆ ಹತ್ತಿರದ ಬೆಲೆ, ಡೀಸೆಲ್ ಎಂಜಿನ್ನಿನ ಮಿತವ್ಯಯ ಇವು ರತನ್ ಟಾಟಾ ಅವರು ಮುಂದಿಟ್ಟ ಗುರಿಗಳಾಗಿದ್ದವು. ಕಾರಿನ ಹೊರರೂಪಕ್ಕೆ ಇಟಲಿಯ ಟ್ಯೂರಿನ್ ನಗರದ ಐಡಿಯಾ ಸಂಸ್ಥೆಯ ನೆರವಿತ್ತು. ಪುಣೆಯ ಕಾರ್ಖಾನೆಗೆ, ಆಸ್ಟ್ರೇಲಿಯಾದಲ್ಲಿ ನಿಸಾನ್ ಮುಚ್ಚಿದ್ದ ಘಟಕದ ಯಂತ್ರಗಳನ್ನು ಕೊಂಡು ತರಲಾಗಿತ್ತು.

ವರ್ಷ ಕಳೆಯುವ ಮುನ್ನವೇ, 1998ರ ಡಿಸೆಂಬರ್ ಕೊನೆಗೆ, ಇಂಡಿಕಾ ಬಿಡುಗಡೆಯಾಯಿತು. ಲಕ್ಷಕ್ಕೂ ಹೆಚ್ಚು ಮಂದಿ ಮುಂಗಡ ಹಣ ಕಟ್ಟಿದರು. ಆರಂಭದ ಕಾರುಗಳ ಗುಣಮಟ್ಟದ ಬಗ್ಗೆ ದೂರುಗಳು ಕೇಳಿಬಂದಾಗ ಸಂಸ್ಥೆ ದೋಷಗಳನ್ನು ತಿದ್ದಿ 2001ರಲ್ಲಿ ‘ಇಂಡಿಕಾ ವಿ2’ ಹೊರತಂದಿತು. ಮುಂದೆ ಬಹುಕಾಲ ನಗರಗಳ ಟ್ಯಾಕ್ಸಿ ನಿಲ್ದಾಣಗಳಲ್ಲಿ ಈ ಕಾರು ಸಾಮಾನ್ಯ ದೃಶ್ಯವಾಗಿತ್ತು.

ನ್ಯಾನೊ: ಲಕ್ಷ ರೂಪಾಯಿಯ ಮಾತು

ಆಟೋ ಎಕ್ಸ್‌ಪೋದ ಇತಿಹಾಸದಲ್ಲಿಯೇ ಅತಿ ಹೆಚ್ಚು ಕುತೂಹಲ ಕೆರಳಿಸಿದ ದಿನಗಳಲ್ಲಿ 2008ರ ಜನವರಿ 10 ಒಂದು. ಒಂಬತ್ತನೆಯ ಮೇಳದಲ್ಲಿ ಅಂದು ರತನ್ ಟಾಟಾ ಅವರು ನ್ಯಾನೊ ಕಾರನ್ನು ಜಗತ್ತಿನ ಮುಂದೆ ತಂದರು. ಮಳೆಯಲ್ಲಿ ಒಂದೇ ಸ್ಕೂಟರಿನಲ್ಲಿ ಸಾಗುತ್ತಿದ್ದ ಕುಟುಂಬವನ್ನು ಕಂಡಾಗ ಈ ಕಾರಿನ ಆಲೋಚನೆ ಮೂಡಿತೆಂದು ಅವರು ಹೇಳಿಕೊಂಡಿದ್ದರು. ಹಿಂಭಾಗದಲ್ಲಿ ಎರಡು ಸಿಲಿಂಡರಿನ ಪುಟ್ಟ ಎಂಜಿನ್, ನಾಲ್ಕು ಬಾಗಿಲು, ಒಂದು ಲಕ್ಷ ರೂ. ಬೆಲೆ. ತೆರಿಗೆ ಮತ್ತು ಸಾಗಾಟದ ವೆಚ್ಚ ಈ ಲೆಕ್ಕದ ಹೊರಗಿತ್ತು.

ಆದರೆ ಕಾರು ಜನರ ಕಣ್ಣಿಗೆ ಬಿದ್ದಾಗ ಅದರ ಕಾರ್ಖಾನೆಯ ನೆಲವೇ ವಿವಾದದಲ್ಲಿತ್ತು. ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ ಸ್ವಾಧೀನಪಡಿಸಿಕೊಂಡ ಸುಮಾರು 997 ಎಕರೆಯ ಪೈಕಿ ತಮ್ಮ ಜಮೀನನ್ನು ಒಪ್ಪಿಗೆಯಿಲ್ಲದೆ ಪಡೆಯಲಾಗಿದೆ ಎಂದು ಒಂದು ವರ್ಗದ ರೈತರು ಪ್ರತಿಭಟಿಸಿದರು. ಮಮತಾ ಬ್ಯಾನರ್ಜಿ ಅವರು ಹೋರಾಟದ ಮುಂದಾಳುತನ ವಹಿಸಿದರು. 2008ರ ಅಕ್ಟೋಬರಿನಲ್ಲಿ ಟಾಟಾ ಸಂಸ್ಥೆ ಸಿಂಗೂರಿನಿಂದ ಹೊರನಡೆಯಿತು. ಕಾರ್ಖಾನೆಯನ್ನು ಬರಮಾಡಿಕೊಳ್ಳಲು ಹಲವು ರಾಜ್ಯಗಳು ಮುಂದಾದವು. ಕರ್ನಾಟಕವೂ ಆ ಪೈಪೋಟಿಯಲ್ಲಿತ್ತು. ಕೊನೆಗೆ ಅದು ಗುಜರಾತಿನ ಸಾಣಂದ್ ಪಾಲಾಯಿತು.

ಈ ಅಲೆದಾಟದ ನಡುವೆ ನ್ಯಾನೊ ಮಾರುಕಟ್ಟೆಗೆ ಬಂದದ್ದು 2009ರ ಮಾರ್ಚಿನಲ್ಲಿ. ಎರಡು ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ನೋಂದಾಯಿಸಿದರು. ಮೊದಲ ಒಂದು ಲಕ್ಷ ಮಂದಿಯನ್ನು ಲಾಟರಿ ಎತ್ತಿ ಆರಿಸಲಾಯಿತು. ಮೊದಲ ಕಾರುಗಳನ್ನು ಉತ್ತರಾಖಂಡದ ಪಂತನಗರದಲ್ಲಿ ತಯಾರಿಸಬೇಕಾಯಿತು. ವರ್ಷಕ್ಕೆ 2.5 ಲಕ್ಷ ಕಾರು ತಯಾರಿಸಬಲ್ಲ ಸಾಣಂದ್ ಘಟಕ 2010ರ ಜೂನ್‌ನಲ್ಲಿ ಉದ್ಘಾಟನೆಗೊಂಡರೂ, ಮಾರಾಟ ಯಾವ ವರ್ಷವೂ 75 ಸಾವಿರವನ್ನು ಮುಟ್ಟಲಿಲ್ಲ. ಕೆಲವು ಕಾರುಗಳಿಗೆ ಬೆಂಕಿ ಹತ್ತಿದ ಪ್ರಕರಣಗಳು, ‘ಅಗ್ಗದ ಕಾರು’ ಎಂಬ ಹಣೆಪಟ್ಟಿ, ಏರುತ್ತ ಹೋದ ಬೆಲೆ ಎಲ್ಲವೂ ಸೇರಿ ಜನ ಹಿಂದೆ ಸರಿದರು. 2018ರಲ್ಲಿ ನ್ಯಾನೊ ಉತ್ಪಾದನೆ ನಿಂತಿತು.

ಸಿಂಗೂರಿನ ಭೂಸ್ವಾಧೀನವನ್ನು ಸುಪ್ರೀಂ ಕೋರ್ಟ್ 2016ರ ಆಗಸ್ಟ್ 31ರಂದು ರದ್ದುಗೊಳಿಸಿ, ಜಮೀನನ್ನು ರೈತರಿಗೆ ಮರಳಿಸುವಂತೆ ಆದೇಶಿಸಿತು. ವೇದಿಕೆಯ ಮೇಲಿನ ಒಂದು ಕಾರಿನ ಹಿಂದೆ ಎಷ್ಟು ಜನರ ಬದುಕು ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಕರ್ನಾಟಕದ ನಂಟು

2010ರ ಜನವರಿಯ ಮೇಳದಲ್ಲಿ ಟೊಯೊಟಾ ಸಂಸ್ಥೆ ಭಾರತಕ್ಕೆಂದೇ ರೂಪಿಸಿದ ಇಟಿಯೋಸ್ ಕಾರನ್ನು ಕಾನ್ಸೆಪ್ಟ್ ರೂಪದಲ್ಲಿ ಪ್ರದರ್ಶಿಸಿತು. ಆ ಕಾರು ತಯಾರಾದದ್ದು ಬೆಂಗಳೂರಿನ ಸಮೀಪದ ಬಿಡದಿಯಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಬಿಡುಗಡೆಯಾದ ಇಟಿಯೋಸ್, ಬಿಎಸ್6 ಮಾಲಿನ್ಯ ನಿಯಮ ಜಾರಿಗೆ ಬಂದ 2020ರಲ್ಲಿ ತೆರೆಮರೆಗೆ ಸರಿಯಿತು.

ಬೆಂಗಳೂರಿನ ರೇವಾ ಸಂಸ್ಥೆಯ ಹಾದಿ ವಿದೇಶದ ಮೇಳವೊಂದರ ಮೂಲಕ ಸಾಗಿತು. 2001ರಲ್ಲಿಯೇ ವಿದ್ಯುತ್ ಕಾರನ್ನು ರಸ್ತೆಗಿಳಿಸಿದ್ದ ಈ ಸಂಸ್ಥೆ, ‘ಎನ್‌ಎಕ್ಸ್‌ಆರ್’ ಎಂಬ ಹೊಸ ಮಾದರಿಯನ್ನು 2009ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಮೇಳದಲ್ಲಿ ಪ್ರದರ್ಶಿಸಿತು. ಮರುವರ್ಷ ಮಹೀಂದ್ರಾ ಸಂಸ್ಥೆ ರೇವಾದ ಬಹುಪಾಲು ಷೇರುಗಳನ್ನು ಕೊಂಡಿತು. ಎನ್‌ಎಕ್ಸ್‌ಆರ್ ‘ಇ2ಒ’ ಎಂಬ ಹೆಸರಿನಲ್ಲಿ 2013ರಲ್ಲಿ ಮಾರಾಟಕ್ಕೆ ಬಂದಿತು.

ಹಳೆಯ ಹೆಸರು, ಹೊಸ ಕಾರು

ಇತ್ತೀಚಿನ ಮೇಳಗಳಲ್ಲಿ ಹಳೆಯ ಕಾರುಗಳ ನೆನಪಿಗೂ ಬೆಲೆ ಬಂದಿದೆ. 2019ರವರೆಗೆ ತಯಾರಾದ ಜಿಪ್ಸಿಯನ್ನು ಮೆಚ್ಚಿದವರಿಗೆ ಮಾರುತಿ ಸುಜುಕಿ 2023ರ ಮೇಳದಲ್ಲಿ ಐದು ಬಾಗಿಲಿನ ಜಿಮ್ನಿ ತೋರಿಸಿತು. ಐದು ತಿಂಗಳಲ್ಲಿ ಅದು ಮಾರಾಟಕ್ಕೆ ಬಂದಿತು. 1991ರಲ್ಲಿ ಬಂದಿದ್ದ ಟಾಟಾ ಸಿಯೆರಾದ ಮರಳುವಿಕೆ ಇಷ್ಟು ಬೇಗ ಆಗಲಿಲ್ಲ. ಹಿಂಬದಿಯ ಬಾಗಿದ ಗಾಜಿನ ಕಿಟಕಿಗಳಿಂದ ಗುರುತಿಸಲ್ಪಡುತ್ತಿದ್ದ ಆ ಹೆಸರು 2020ರಲ್ಲಿ ಕಾನ್ಸೆಪ್ಟ್ ಆಗಿ ಮರಳಿತು. 2023ರಲ್ಲಿ ಮತ್ತು 2025ರಲ್ಲಿ ಮತ್ತೆ ವೇದಿಕೆಯೇರಿತು. ಬೆಲೆ ಸಹಿತ ಬಿಡುಗಡೆಯಾದದ್ದು 2025ರ ನವೆಂಬರಿನಲ್ಲಿ.

ಮೇಳಗಳ ಮುಂದಿನ ಹಾದಿ

ಜಗತ್ತಿನಾದ್ಯಂತ ವಾಹನ ಮೇಳಗಳು ಇಂದು ಸಂಕಷ್ಟದಲ್ಲಿವೆ. 1905ರಲ್ಲಿ ಆರಂಭವಾಗಿದ್ದ ಸ್ವಿಟ್ಜರ್ಲೆಂಡಿನ ಜಿನೀವಾ ಮೇಳ 2024ರಲ್ಲಿ ನಡೆದ ಬಳಿಕ ಅಲ್ಲಿ ಇನ್ನು ಮೇಳ ಇಲ್ಲವೆಂದು ಸಂಘಟಕರು ಘೋಷಿಸಿದರು. ಕಂಪನಿಗಳ ನಿರಾಸಕ್ತಿ ಅದಕ್ಕೆ ಮುಖ್ಯ ಕಾರಣವಾಗಿತ್ತು. ಭಾರತದಲ್ಲಿಯೂ 2023ರ ಮೇಳದಿಂದ ಮಹೀಂದ್ರಾ, ಸ್ಕೋಡಾ, ಫೋಕ್ಸ್‌ವ್ಯಾಗನ್ ಮೊದಲಾದ ಸಂಸ್ಥೆಗಳು ದೂರ ಉಳಿದವು. ಮಳಿಗೆಯ ಖರ್ಚು ದುಬಾರಿ. ಸ್ವಂತ ಸಮಾರಂಭ ಏರ್ಪಡಿಸಿ ಅಂತರ್ಜಾಲದಲ್ಲಿ ನೇರಪ್ರಸಾರ ಮಾಡಿದರೆ ಇಡೀ ದಿನದ ಗಮನ ಒಂದೇ ಕಾರಿನ ಮೇಲಿರುತ್ತದೆ. ಆದರೆ ಹತ್ತು ಕಂಪನಿಗಳ ಕಾರುಗಳನ್ನು ಒಂದೇ ಸೂರಿನಡಿ ಕಂಡು, ಬಾಗಿಲು ತೆರೆದು ಕುಳಿತು, ಹೋಲಿಸಿ ನೋಡುವ ಅವಕಾಶ ನೇರಪ್ರಸಾರದಲ್ಲಿ ಸಿಗಲಾರದು.

ಕಾರು ಕೊಳ್ಳುವ ಯೋಚನೆಯಿಂದ ಮೇಳಕ್ಕೆ ಹೋಗುವವರು ಕೆಲವು ಸಂಗತಿಗಳನ್ನು ವಿಚಾರಿಸಿಕೊಳ್ಳುವುದು ಒಳಿತು. ಎದುರಿಗಿರುವುದು ಕಾನ್ಸೆಪ್ಟ್ ಮಾದರಿಯೇ, ಉತ್ಪಾದನೆಯ ಮಾದರಿಯೇ? ಕಾರ್ಖಾನೆ ಯಾವುದು, ಅಲ್ಲಿ ತಯಾರಿ ಆರಂಭವಾಗಿದೆಯೇ? ಹೇಳಿದ ಬೆಲೆಯಲ್ಲಿ ತೆರಿಗೆ, ವಿಮೆ, ನೋಂದಣಿ ಸೇರಿವೆಯೇ? 2023ರ ಅಕ್ಟೋಬರಿನಲ್ಲಿ ಆರಂಭವಾದ ಭಾರತ್ ಎನ್‌ಸಿಎಪಿ ಅಪಘಾತ ಪರೀಕ್ಷೆಯಲ್ಲಿ ಅದಕ್ಕೆ ಎಷ್ಟು ನಕ್ಷತ್ರ ದೊರೆತಿದೆ? ಈ ಪ್ರಶ್ನೆಗಳಿಗೆ ಮಳಿಗೆಯ ಸಿಬ್ಬಂದಿಯಿಂದ ಖಚಿತ ಉತ್ತರ ದೊರೆಯದಿದ್ದರೆ ಮುಂಗಡ ಹಣ ಕಟ್ಟಲು ಅವಸರಪಡಬೇಕಾಗಿಲ್ಲ.