ಹೆಣ್ಣುಮಕ್ಕಳ ಹೆಸರು: ಮೂಲಪದವೂ ಅಂತ್ಯಪದವೂ

ಕಳೆದ ಬೇಸಗೆಯಲ್ಲಿ ನ್ಯಾಮತಿಯ ಸುತ್ತಣ ಊರುಗಳ ವೀರಗಲ್ಲು ಮಾಸ್ತಿಕಲ್ಲುಗಳನ್ನು ಪಟ್ಟಿಮಾಡುವ ಕೆಲಸದಲ್ಲಿ ನಾವು ತೊಡಗಿದ್ದಾಗ, ನಮಗೆ ಇಳಿದುಕೊಳ್ಳಲು ಎಡೆಗೊಟ್ಟ ಮನೆಯಲ್ಲಿ ಒಂದು ನಾಮಕರಣದ ಸಿದ್ಧತೆ ನಡೆದಿತ್ತು. ಮಗು ಹೆಣ್ಣು. ಹೂವು, ಬಳ್ಳಿ, ಬೆಳದಿಂಗಳುಗಳ ಹೆಸರು ಬೇಡವೆಂದೂ, ಕೇಳಿದೊಡನೆಯೇ ಹೆಣ್ಣೆಂದು ಸಾರುವ ಹೆಸರೂ ಬೇಡವೆಂದೂ ತಾಯಿಯ ಹಟ. ತೊಟ್ಟಿಲ ಬಳಿ ನಿಂತು ಮಗುವಿನ ಕಿವಿಯಲ್ಲಿ ಹೆಸರನ್ನು ಹೇಳಬೇಕಾಗಿದ್ದ ಸೋದರತ್ತೆಗೆ ಇದು ಒಪ್ಪಿಗೆಯಾಗಲಿಲ್ಲ. “ಗಂಡುಮಕ್ಕಳ ಹೆಸರು ಹೆಣ್ಣಿಗಿಡೋದು ನಮ್ಮ ಹಿರೇರ ಕಾಲದಾಗೆ ಎಲ್ಲಾದ್ರೂ ಇತ್ತೇನ್ರಿ ಮೇಷ್ಟ್ರೆ? ನೀವು ಕಲ್ಲು ಓದೋರು, ನೀವೇ ಹೇಳ್ರಿ” ಎಂದು ಅವರು ನಮ್ಮನ್ನೇ ಕೇಳಿದರು. ಆ ರಾತ್ರಿ ನಾವು ಕೊಟ್ಟ ಉತ್ತರ ಸಮರ್ಪಕವಾಗಿರಲಿಲ್ಲ. ಪ್ರಸ್ತುತ ಲೇಖನವು ಆ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಳ್ಳುವ ಪ್ರಯತ್ನ.

ನ್ಯಾಮತಿಯು ೨೦೧೮ರಲ್ಲಿ ಪ್ರತ್ಯೇಕ ತಾಲ್ಲೂಕಾಗುವವರೆಗೆ ಹೊನ್ನಾಳಿ ತಾಲ್ಲೂಕಿಗೂ, ಹೊನ್ನಾಳಿಯು ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯ ರಚನೆಯಾಗುವವರೆಗೆ ಶಿವಮೊಗ್ಗ ಜಿಲ್ಲೆಗೂ ಸೇರಿದ್ದವು. ಆದುದರಿಂದಲೇ ಈ ಸೀಮೆಯ ಶಾಸನಗಳು ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ೭ನೆಯ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಚನ್ನಗಿರಿಗಳ ಶಾಸನಗಳೊಡನೆ ಸೇರಿವೆ. ಇದು ನಮ್ಮ ವಿಷಯಕ್ಕೆ ಅನುಕೂಲವೇ ಆಗಿದೆ. ಸಿಂದರ ಬೆಳಗುತ್ತಿಯೂ, ಅಕ್ಕಮಹಾದೇವಿಯ ಉಡುತಡಿಯೂ, ನಾಗರಖಂಡದ ಬಂದಳಿಕೆಯೂ ಒಂದೇ ಸಂಪುಟದ ಹಾಳೆಗಳೊಳಗೆ ನೆರೆಹೊರೆಯಾಗಿವೆ.

ಬಂದಳಿಕೆಯ ಜಕ್ಕಿಯಬ್ಬೆಯ ವೃತ್ತಾಂತ ಇತಿಹಾಸದ ವಿದ್ಯಾರ್ಥಿಗಳಿಗೆ ಚಿರಪರಿಚಿತ. ೧೦ನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಆಳ್ವಿಕೆಯಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ಮಡಿಯಲು, ಆ ಅಧಿಕಾರವನ್ನು ಅವನ ಪತ್ನಿಯಾದ ಈಕೆಗೆ ವಹಿಸಲಾಯಿತು. ಈಕೆಯು ನಾಡನ್ನು ಚೆನ್ನಾಗಿ ನಿರ್ವಹಿಸಿ, ಕೊನೆಗೆ ವ್ಯಾಧಿಗ್ರಸ್ತಳಾಗಿ, ಭಾರವನ್ನು ಮಗಳಿಗೆ ಒಪ್ಪಿಸಿ ಬಸದಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟಳು. ಚರಿತ್ರಕಾರರು ಈಕೆಯ ಆಡಳಿತವನ್ನು ಕುರಿತು ಸಾಕಷ್ಟು ಬರೆದಿದ್ದಾರೆ. ಹೆಸರನ್ನು ಕುರಿತು ಬರೆದವರು ಕಡಮೆ. ಜಕ್ಕ, ಜಕ್ಕಿ ಎಂಬುವು ಯಕ್ಷ, ಯಕ್ಷಿ ಶಬ್ದಗಳ ತದ್ಭವರೂಪಗಳು. ಅಬ್ಬೆಯೆಂದರೆ ತಾಯಿ. ಅದೇ ಮೂಲದಿಂದ ಗಂಡಸಿಗೆ ಜಕ್ಕಯ್ಯನೆಂಬ ಹೆಸರಾಗುತ್ತದೆ.

ಈ ರಚನೆಯು ಒಬ್ಬಳ ಹೆಸರಿಗೆ ಸೀಮಿತವಾದುದಲ್ಲ. ಮೊದಲನೆಯ ಸೋಮೇಶ್ವರನ ರಾಣಿಯರಲ್ಲಿ ಒಬ್ಬಳು ಕೇತಲದೇವಿ, ೧೦೫೪ರ ಸುಮಾರಿನಲ್ಲಿ ಪೊನ್ನವಾಡದ ಅಗ್ರಹಾರವನ್ನು ಆಳುತ್ತಿದ್ದವಳು; ಕೇತನೂ ಕೇತಯ್ಯನೂ ಶಾಸನಗಳಲ್ಲಿ ಹೆಜ್ಜೆಹೆಜ್ಜೆಗೆ ಸಿಗುವ ಗಂಡಸರು. ಹುಂಚದಲ್ಲಿ ೧೦೭೭ರಲ್ಲಿ ಪಂಚಕೂಟ ಬಸದಿಯನ್ನು ಮಾಡಿಸಿದವಳು ಚಟ್ಟಲದೇವಿ. ಹಾನಗಲ್ಲ ಕದಂಬರಲ್ಲಿ ಚಟ್ಟದೇವನೆಂಬ ಅರಸನೇ ಇದ್ದಾನೆ. ಹೊಯ್ಸಳ ಎರೆಯಂಗನ ರಾಣಿ ಏಚಲದೇವಿ. ದಂಡನಾಯಕ ಗಂಗರಾಜನ ತಂದೆ ಏಚಿರಾಜ. ವಿಷ್ಣುವರ್ಧನನ ರಾಣಿಯರಲ್ಲಿ ಒಬ್ಬಳು ಬಮ್ಮಲದೇವಿ. ಬಮ್ಮನೆಂದರೆ ಬ್ರಹ್ಮ, ಬಮ್ಮಯ್ಯರಿಗೆ ಶಾಸನಗಳಲ್ಲಿ ಬರಗಾಲವಿಲ್ಲ. ಇಲ್ಲೆಲ್ಲ ಮೂಲಪದವು ಗಂಡಿಗೂ ಹೆಣ್ಣಿಗೂ ಸಮಾನ. ಲಿಂಗವನ್ನು ತಿಳಿಸುವ ಕೆಲಸವನ್ನು ಅಂತ್ಯಪದವು ಮಾಡುತ್ತದೆ: ಅಯ್ಯ, ಅಪ್ಪ, ಅಣ್ಣ ಒಂದು ಕಡೆ, ಅಬ್ಬೆ, ಅವ್ವೆ, ಅಮ್ಮ, ಅಕ್ಕ, ದೇವಿ ಇನ್ನೊಂದು ಕಡೆ. ದೇವಿಯೊಂದನ್ನು ಬಿಟ್ಟರೆ ಇವೆಲ್ಲ ಬಂಧುವಾಚಕಗಳೆಂಬುದನ್ನು ಗಮನಿಸಬೇಕು. ಅಂದರೆ ಹೆಣ್ಣುತನವು ಹೆಸರಿನಲ್ಲಿರಲಿಲ್ಲ, ಊರವರು ಆಕೆಯನ್ನು ಕರೆಯುವ ರೀತಿಯಲ್ಲಿತ್ತು.

೧೨ನೆಯ ಶತಮಾನದ ಶರಣೆಯರಲ್ಲಿ ಈ ಸಂಗತಿ ಇನ್ನೂ ಸ್ಫುಟವಾಗಿ ತೋರುತ್ತದೆ. ಅಮುಗೆ ರಾಯಮ್ಮ ಎಂಬ ಹೆಸರಿನಲ್ಲಿ ‘ರಾಯ’ನೇ ಇದ್ದಾನೆ. ಎಡೆಮಠದ ನಾಗಿದೇವಯ್ಯನ ಪುಣ್ಯಸ್ತ್ರೀ ಮಸಣಮ್ಮನ ಹೆಸರು ಶ್ಮಶಾನದಿಂದ ಬಂದುದು. ಮಸಣಯ್ಯನೆಂದು ಗಂಡಸಿಗೆ ಇಡಬಹುದಾದುದನ್ನು ಹೆಣ್ಣಿಗೂ ಇಡಲು ಯಾರೂ ಹಿಂಜರಿಯಲಿಲ್ಲ. ನಮ್ಮ ನೆರೆಯ ಉಡುತಡಿಯ ಮಹಾದೇವಿಯ ಹೆಸರೂ ಮಹಾದೇವನ ಜೋಡಿಯೇ.

ಶಾಸ್ತ್ರದ ಮಾತು ಬೇರೆ. ಮನುಸ್ಮೃತಿಯ ಎರಡನೆಯ ಅಧ್ಯಾಯವು ಹೆಣ್ಣಿನ ಹೆಸರು ಉಚ್ಚಾರಕ್ಕೆ ಸುಲಭವಾಗಿ, ಕ್ರೌರ್ಯವಿಲ್ಲದೆ, ಮನೋಹರವಾಗಿ, ಮಂಗಳಕರವಾಗಿ, ದೀರ್ಘಸ್ವರಾಂತವಾಗಿ ಇರಬೇಕೆಂದು ವಿಧಿಸುತ್ತದೆ. ಗೃಹ್ಯಸೂತ್ರಕಾರರು ಅಕ್ಷರಸಂಖ್ಯೆಯನ್ನೂ ಬಿಟ್ಟಿಲ್ಲ: ಗಂಡಿಗೆ ಸಮ, ಹೆಣ್ಣಿಗೆ ಬೆಸ. ಮುಂದೆ ಮೂರನೆಯ ಅಧ್ಯಾಯದಲ್ಲಿ ಮನುವು ನಕ್ಷತ್ರ, ವೃಕ್ಷ, ನದಿ, ಪರ್ವತ, ಪಕ್ಷಿ, ಸರ್ಪಗಳ ಹೆಸರುಳ್ಳ ಕನ್ಯೆಯನ್ನು ವರಿಸಬಾರದೆಂದೂ ಹೇಳುತ್ತಾನೆ. ಈ ನಿಯಮಗಳನ್ನು ಪಾಲಿಸಿದ್ದರೆ ಗಂಗಮ್ಮ, ತುಂಗಮ್ಮ, ನಾಗಮ್ಮಂದಿರು ಮದುವೆಯಿಲ್ಲದೆ ಉಳಿಯಬೇಕಾಗುತ್ತಿತ್ತು! ಕನ್ನಡ ಜನ ತಮ್ಮ ಮಕ್ಕಳಿಗೆ ಹೆಸರಿಡುವಾಗ ಈ ವಿಧಿಯನ್ನು ಲೆಕ್ಕಿಸಿದಂತೆ ಕಾಣುವುದಿಲ್ಲ. ‘ಹೆಣ್ಣಿಗೆ ಮೃದುವಾದ ಹೆಸರು’ ಎಂಬುದು ನಮ್ಮ ಹಿರಿಯರ ರೂಢಿಯೆಂದು ಹೇಳುವವರು ಗ್ರಂಥದ ವಿಧಿಯನ್ನು ಊರಿನ ರೂಢಿಯೆಂದು ಭಾವಿಸಿರುವಂತೆ ತೋರುತ್ತದೆ.

ಈ ವಿಚಾರವು ಕೇವಲ ಕುತೂಹಲದ್ದಲ್ಲ, ಶಾಸನಗಳ ಓದಿಗೆ ನೇರವಾಗಿ ಸಂಬಂಧಿಸಿದುದು. ಕಲ್ಲು ಚಕ್ಕೆಯೆದ್ದು ಹೆಸರಿನ ಕೊನೆ ಅಳಿದುಹೋದಾಗ ಉಳಿಯುವುದು ಜಕ್ಕ, ಕೇತ, ನಾಗ, ಮಾಚ ಎಂಬ ಮೂಲಪದ ಮಾತ್ರ. ಅಂಥಲ್ಲಿ ನಮ್ಮ ಪಟ್ಟಿಗಳು ನಿರಾತಂಕವಾಗಿ ಒಬ್ಬ ಗಂಡಸನ್ನು ನಮೂದಿಸುತ್ತವೆ. ವಾಕ್ಯದ ಕ್ರಿಯಾಪದ ಉಳಿದಿದ್ದರೆ ಬಿಟ್ಟಂ, ಬಿಟ್ಟಳ್ ಎಂಬುದರಿಂದ ನಿರ್ಣಯವಾಗುತ್ತದೆ; ಬಿಟ್ಟರ್ ಎಂದಿದ್ದರೆ ಅದೂ ಸಹಾಯಕ್ಕೆ ಬಾರದು. ನಾವೇ ಹಿಂದೆ ಸಿದ್ಧಪಡಿಸಿದ ದಾನಿಗಳ ಪಟ್ಟಿಯೊಂದರಲ್ಲಿ, ಅಂತ್ಯಪದ ಅಳಿದ ‘ನಾಗ’ ಎಂಬುದನ್ನು ಎರಡು ಕಡೆ ನಾಗಯ್ಯನೆಂದು ಪೂರ್ಣಗೊಳಿಸಿದ್ದೆವು. ನಾಗಬ್ಬೆ, ನಾಗವ್ವೆ, ನಾಗಲೆಯರೂ ಅಷ್ಟೇ ಸಂಭವನೀಯರೆಂಬುದು ಆಗ ನಮಗೆ ಹೊಳೆಯಲೇ ಇಲ್ಲ. ಎಂ. ಚಿದಾನಂದಮೂರ್ತಿ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವು ೧೯೬೬ರಷ್ಟು ಹಿಂದೆಯೇ ಪ್ರಕಟವಾಗಿ, ಶಾಸನಗಳನ್ನು ರಾಜರ ವಂಶಾವಳಿಗಾಗಿ ಮಾತ್ರವಲ್ಲದೆ ಜನಜೀವನಕ್ಕಾಗಿಯೂ ಓದುವ ಕ್ರಮವನ್ನು ತೋರಿಸಿಕೊಟ್ಟಿತ್ತು. ಅದನ್ನು ಓದಿಯೂ ಇಂಥ ತಪ್ಪು ಮಾಡಿದುದು ನಮ್ಮದೇ ಅನವಧಾನ.

ಇಂಥ ತಪ್ಪು ಎಷ್ಟು ದೂರ ಹೋಗಬಹುದೆಂಬುದಕ್ಕೆ ನೆರೆಯ ತೆಲುಗು ನಾಡಿನ ಒಂದು ನಿದರ್ಶನ ಸಾಕು. ಕಾಕತೀಯ ಗಣಪತಿದೇವನ ಮಗಳಾಗಿ ೧೨೬೨ರಿಂದ ೧೨೮೯ರವರೆಗೆ ಆಳಿದ ರುದ್ರಮದೇವಿಯನ್ನು ಹಲವು ಶಾಸನಗಳು ‘ರುದ್ರದೇವ ಮಹಾರಾಜ’ನೆಂದೇ ಕರೆಯುತ್ತವೆ. ಅವಷ್ಟೇ ಉಳಿದಿದ್ದಲ್ಲಿ ಆ ವಂಶದ ಪಟ್ಟಿಯಲ್ಲಿ ರಾಣಿಯೊಬ್ಬಳು ಕಾಣೆಯಾಗಿ ಅರಸನೊಬ್ಬ ಸೇರಿಕೊಳ್ಳುತ್ತಿದ್ದನು. ಅಲ್ಲಿ ಪುರುಷರೂಪವನ್ನು ಬೇಕೆಂದೇ ಬಳಸಿದುದು. ಸಿಂಹಾಸನಕ್ಕೆ ಅದು ಅಗತ್ಯವೆಂದು ಎಣಿಸಿರಬೇಕು. ಕನ್ನಡ ನಾಡಿನ ಅಕ್ಕಾದೇವಿಗೆ ಅಂಥ ಅಗತ್ಯ ಬೀಳಲಿಲ್ಲ. ಚಾಳುಕ್ಯ ಜಯಸಿಂಹನ ಸೋದರಿಯಾದ ಈಕೆ ೧೦೪೭ರಲ್ಲಿ ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದಾಗಲೂ ಅಕ್ಕನಾಗಿಯೇ ಉಳಿದಳು. ರಣಭೈರವಿಯೆಂಬುದು ಆಕೆಯ ಬಿರುದು.

ಈಚಿನ ಶತಮಾನಗಳಿಗೆ ಬಂದರೂ ಕ್ರಮ ಬದಲಾಗುವುದಿಲ್ಲ. ೧೬೭೧ರ ಸುಮಾರಿನಿಂದ ೧೬೯೭ರವರೆಗೆ ಆಳಿ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಕೆಳದಿಯ ಚೆನ್ನಮ್ಮಾಜಿ, ಹೊನ್ನಾಳಿಯ ಹಿರೇಕಲ್ಮಠದ ಚನ್ನಪ್ಪಸ್ವಾಮಿ, ಇಬ್ಬರ ಹೆಸರಿನ ಮೂಲವೂ ಒಂದೇ. ಚನ್ನಗಿರಿಗೆ ಆ ಹೆಸರು ಚೆನ್ನಮ್ಮಾಜಿಯಿಂದಲೇ ಬಂದಿತೆಂಬ ಪ್ರತೀತಿಯೂ ಉಂಟು. ಚಿತ್ರದುರ್ಗದ ಓಬವ್ವನ ಜೊತೆಗೆ ಓಬಯ್ಯ, ಬೆಳವಡಿಯ ಮಲ್ಲಮ್ಮನ ಜೊತೆಗೆ ಮಲ್ಲಪ್ಪ. ನ್ಯಾಮತಿ ಸೀಮೆಯ ಹಿರಿಯ ತಲೆಮಾರಿನಲ್ಲಿ ಹಾಲಪ್ಪ–ಹಾಲಮ್ಮ, ರುದ್ರಪ್ಪ–ರುದ್ರಮ್ಮ, ತಿಪ್ಪಯ್ಯ–ತಿಪ್ಪಮ್ಮ, ಮಂಜಪ್ಪ–ಮಂಜಮ್ಮ ಎಂಬ ಜೋಡಿಗಳು ಈಗಲೂ ಕೇಳಿಬರುತ್ತವೆ.

ಹಾಗಾದರೆ ಬದಲಾವಣೆ ಎಲ್ಲಿ ಆಯಿತು? ಕಳೆದ ಶತಮಾನದಲ್ಲಿ ಶಾಲೆಯ ದಾಖಲೆ, ಕಾದಂಬರಿ, ಚಲನಚಿತ್ರಗಳ ಪ್ರಭಾವದಿಂದ ಬಂಧುವಾಚಕ ಅಂತ್ಯಪದವು ಹಳ್ಳಿಗಾಡಿನ ಗುರುತೆನಿಸಿ ಉದುರತೊಡಗಿತು. ಆಗ ನಡೆದುದನ್ನು ವಿವರವಾಗಿ ನೋಡಬೇಕು. ಗಂಡುಮಕ್ಕಳು ಮೂಲಪದವನ್ನು ಕಳೆದುಕೊಳ್ಳಲಿಲ್ಲ. ಹಾಲಪ್ಪನ ಮೊಮ್ಮಗ ಹಾಲೇಶನಾದನು, ರುದ್ರಪ್ಪನ ಮೊಮ್ಮಗ ರುದ್ರೇಶನಾದನು, ಮಂಜಪ್ಪನ ಮೊಮ್ಮಗ ಮಂಜುನಾಥನಾದನು. ಈಶ, ರಾಜ, ನಾಥ ಎಂಬ ಹೊಸ ಅಂತ್ಯಗಳು ಸಿದ್ಧವಾಗಿದ್ದವು. ನಾಗಮ್ಮನ ಮೊಮ್ಮಗಳು ನಾಗರತ್ನಳೋ ನಾಗವೇಣಿಯೋ ಆಗಿ, ಮಂಜಮ್ಮನ ಮೊಮ್ಮಗಳು ಮಂಜುಳೆಯಾಗಿ ಹೇಗೋ ದಡ ಸೇರಿದರು. ಆದರೆ ಹಾಲಮ್ಮನ ಮೊಮ್ಮಗಳು? ರುದ್ರಮ್ಮನ ಮೊಮ್ಮಗಳು? ತಿಪ್ಪಮ್ಮನ ಮೊಮ್ಮಗಳು? ಅವರು ಅಜ್ಜಿಯ ಹೆಸರನ್ನು ಪೂರ್ಣವಾಗಿ ತೊರೆದು ಲತೆ, ರೂಪ, ರೇಖೆಯರಾದರು. ಬಾಲವನ್ನು ಕಳೆದುಕೊಂಡ ಹೆಸರು ಹೆಣ್ಣೆಂಬುದನ್ನು ತಾನೇ ಹೇಳಬೇಕಾಗಿ ಬಂದುದರಿಂದ ಹೆಸರೇ ಹೆಣ್ಣಾಗಬೇಕಾಯಿತು. ಇಂದು ‘ಹೆಣ್ಣು ಹೆಸರು’ ಎಂದು ನಾವು ಗುರುತಿಸುವ ಕೋಮಲತೆಯು ಬಹುಮಟ್ಟಿಗೆ ಈ ಅವಸ್ಥಾಂತರದ ಫಲವೆಂದು ನಮ್ಮ ಅಭಿಪ್ರಾಯ. ಪಂಜಾಬದ ಸಿಖ್ಖರಲ್ಲಿ ಅಂತ್ಯಪದಗಳು ಉಳಿದುಕೊಂಡುವು. ಸಿಂಗ್, ಕೌರ್ ಎಂಬ ಭೇದವಿರುವುದರಿಂದ ಒಂದೇ ಹೆಸರನ್ನು ಗಂಡಿಗೂ ಹೆಣ್ಣಿಗೂ ಇಡಲು ಅವರಿಗೆ ಈಗಲೂ ತೊಡಕಿಲ್ಲ.

ಹಳೆಯದೆಲ್ಲ ಗೌರವಸೂಚಕವಾಗಿತ್ತೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಹುಟ್ಟಿದ ಕೂಸುಗಳು ಉಳಿಯದ ಮನೆಗಳಲ್ಲಿ ತಿಪ್ಪ, ಗುಂಡ, ಕಲ್ಲ ಎಂಬ ಹೆಸರುಗಳನ್ನು ಕೆಟ್ಟ ದೃಷ್ಟಿ ತಾಗದಿರಲೆಂದು ಗಂಡು ಹೆಣ್ಣೆನ್ನದೆ ಇಡುತ್ತಿದ್ದರು; ಅದು ಅಕ್ಕರೆಯ ಉಪಾಯ. ಆದರೆ ಹೆಣ್ಣುಗಳ ಮೇಲೆ ಹೆಣ್ಣು ಹುಟ್ಟಿದಾಗ ‘ಸಾಕು’ ಎಂಬರ್ಥದಲ್ಲಿ ಸಾಕಮ್ಮನೆಂದು ಇಟ್ಟರೆಂದು ಜನ ಹೇಳುವುದುಂಟು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ‘ನಕುಶಾ’, ಎಂದರೆ ‘ಬೇಡದವಳು’, ಎಂಬ ಹೆಸರು ಹೊತ್ತ ಇನ್ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ೨೦೧೧ರಲ್ಲಿ ಆಡಳಿತವೇ ಮುಂದೆ ನಿಂತು ಬೇರೆ ಹೆಸರಿಡಿಸಬೇಕಾಯಿತು. ಹೆಣ್ಣಿಗೆ ಗಂಡಿನ ಹೆಸರಿಡುವವರೆಲ್ಲರ ಮನಸ್ಸೂ ಒಂದೇ ಅಲ್ಲ. ಗಂಡುಮಗುವಿನ ಆಸೆಯಿಂದ ಇಡುವವರೂ ಇದ್ದಾರೆ. ಸೋದರತ್ತೆಯ ಆಕ್ಷೇಪದ ಹಿಂದೆ ಈ ಅನುಮಾನವೂ ಇದ್ದಿತೆಂಬುದು ನಮಗೆ ತಡವಾಗಿ ತಿಳಿಯಿತು. ತಾಯಿಯನ್ನು ಅವರು ನೇರವಾಗಿಯೇ ಕೇಳಿದರಂತೆ: “ನಿಂಗೆ ಈ ಕೂಸು ಬ್ಯಾಡಾಗಿತ್ತೇನವ್ವ?” ತಾಯಿ ಆ ಮಾತಿಗೆ ಅತ್ತುಬಿಟ್ಟಳೆಂದೂ, ತನಗೆ ಬೇಡವಾಗಿದ್ದುದು ಕೂಸಲ್ಲ, ಹೆಸರಿನಿಂದಲೇ ಕೂಸಿಗೆ ಬಳೆ ತೊಡಿಸುವುದು ಎಂದಳೆಂದೂ ಮನೆಯವರು ನಮಗೆ ಹೇಳಿದರು.

ಲಿಂಗವನ್ನು ತಿಳಿಸುವ ಹೊಣೆ ಈಗ ಹೆಸರಿನ ಮೇಲಿಲ್ಲ. ೧೯೬೯ರ ಜನನ ಮರಣ ನೋಂದಣಿ ಅಧಿನಿಯಮದ ಮೇರೆಗೆ ಇಡುವ ದಾಖಲೆಯಲ್ಲಿ ಗಂಡೋ ಹೆಣ್ಣೋ ಎಂಬುದಕ್ಕೆ ಬೇರೆಯೇ ಅಂಕಣವಿದೆ; ಹೆಸರನ್ನು ನಿಶ್ಚಯಿಸದೆಯೂ ಜನನವನ್ನು ನೋಂದಾಯಿಸಿ, ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸಬಹುದು. ಕಲ್ಲಿನಲ್ಲಿ ಅಬ್ಬೆಯೆಂಬ ಎರಡಕ್ಷರ ಮಾಡುತ್ತಿದ್ದ ಕೆಲಸವನ್ನು ಈ ಅಂಕಣ ಮಾಡುತ್ತದೆ. ಮೂಲಪದವನ್ನು ಹೆಣ್ಣುಮಕ್ಕಳಿಗೆ ಹಿಂದಿರುಗಿಸಲು ಅಡ್ಡಿಯೇನೂ ಇಲ್ಲವೆಂದು ಮರುದಿನ ನಾವು ಆ ಮನೆಯವರಿಗೆ ತಿಳಿಸಿ, ಜಕ್ಕಿಯಬ್ಬೆಯ ಕಥೆಯನ್ನೂ ಹೇಳಿದೆವು. ಸೋದರತ್ತೆಯು ಎಲ್ಲವನ್ನೂ ಕೇಳಿ, “ಅಬ್ಬೆ ಅಂತ ಹಿಂದೆ ಇತ್ತಲ್ರಿ ಮತ್ತೆ!” ಎಂದರು. ಅದು ಸರಿಯಾದ ಆಕ್ಷೇಪವೇ. ನಮ್ಮ ವಾದದ ಸಂದು ಅವರಿಗೆ ನಮಗಿಂತ ಬೇಗ ಕಂಡಿತು.

ಕೊನೆಗೆ ತಾಯಿಯ ಮಾತೇ ನಡೆಯಿತು. ಹೆಸರು ಎರಡೇ ಅಕ್ಷರದ್ದು, ಅಚ್ಚಗನ್ನಡದ್ದು, ಗಂಡಿಗೂ ಸಲ್ಲುವಂಥದು. ಮನೆಯವರ ಇಚ್ಛೆಯಂತೆ ಅದನ್ನು ಇಲ್ಲಿ ಬರೆದಿಲ್ಲ. ಮಳೆಗಾಲ ಕಳೆದ ಮೇಲೆ ಬೆಳಗುತ್ತಿಯ ಕಲ್ಲುಗಳನ್ನು ಮತ್ತೊಮ್ಮೆ ನೋಡಲು ಹೋದಾಗ ಆ ಮನೆಗೂ ಹೋಗಿದ್ದೆವು. ಪಡಸಾಲೆಯಲ್ಲಿ ಅಜ್ಜಿಯು ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದರು. ಆ ಎರಡಕ್ಷರದ ಹಿಂದೆ ಅವರಾಗಿಯೇ ಒಂದು ‘ಅವ್ವ’ನನ್ನು ಸೇರಿಸಿ ಕರೆಯುತ್ತಿದ್ದರು, ತಾಯಿ ಅದಕ್ಕೆ ಏನೂ ಅನ್ನಲಿಲ್ಲ.