ಜಮಖಂಡಿಯ ಮೋಡ, ಸೂರ್ಯನ ಹಳದಿ ಗೆರೆ

ಜಮಖಂಡಿ ಎಂದೊಡನೆ ನಮಗೆ ಕಬ್ಬಿನ ಗದ್ದೆಗಳು ನೆನಪಾಗುತ್ತವೆ. ಆ ಊರಿಗೆ ಸೂರ್ಯನನ್ನು ಅರಿತ ಚರಿತ್ರೆಯಲ್ಲೂ ಒಂದು ಪುಟ್ಟ ಜಾಗವಿದೆ.

1868ರ ಆಗಸ್ಟ್ 18. ಅಂದು ಬೆಳಗ್ಗೆ ಚಂದ್ರನ ನೆರಳು ಜಮಖಂಡಿ, ವಿಜಯಪುರಗಳನ್ನು ಹಾದು ಗುಂಟೂರು, ಮಚಲೀಪಟ್ಟಣದ ಕಡೆ ಓಡಿತು. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡವನು, ಸುಮಾರು ಅಷ್ಟೇ ಪಟ್ಟು ದೂರದವನು. ಹಾಗಾಗಿ ನಮ್ಮ ಕಣ್ಣಿಗೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಗಾತ್ರ. ಜುಲೈ ಆರಂಭದಲ್ಲಿ ಭೂಮಿ ಸೂರ್ಯನಿಂದ ಅತಿ ದೂರದಲ್ಲಿರುತ್ತದೆ. ಆಗಸ್ಟ್‌ನಲ್ಲೂ ಆ ದೂರ ಹೆಚ್ಚು ಇಳಿದಿರುವುದಿಲ್ಲ. ಆ ದಿನ ಚಂದ್ರನೂ ಭೂಮಿಗೆ ಹತ್ತಿರ ಬಂದಿದ್ದ. ಸೂರ್ಯ ತುಸು ಚಿಕ್ಕದಾಗಿ, ಚಂದ್ರ ತುಸು ದೊಡ್ಡದಾಗಿ ಕಂಡದ್ದರಿಂದ ಕತ್ತಲೆ ಐದು ನಿಮಿಷಕ್ಕೂ ಮೀರಿ ಉಳಿಯಿತು. ಖಗ್ರಾಸ ಗ್ರಹಣದಲ್ಲಿ ಇದು ಬಹಳ ದೀರ್ಘ ಸಮಯ.

ಜಮಖಂಡಿಯಲ್ಲಿ ಬೀಡುಬಿಟ್ಟಿದ್ದವರು ಸೇನಾಧಿಕಾರಿ ಜಾನ್ ಹರ್ಷೆಲ್, ಖ್ಯಾತ ಖಗೋಳಜ್ಞ ಸರ್ ಜಾನ್ ಹರ್ಷೆಲರ ಮಗ. ಮೋಡಗಳು ಕಾಡಿದವು. ಆದರೂ ಮೋಡದ ಸಂದಿಯಲ್ಲಿ, ಸೂರ್ಯನ ಅಂಚಿನಿಂದ ಚಿಮ್ಮಿದ ಜ್ವಾಲೆಯ ಬೆಳಕನ್ನು ರೋಹಿತದರ್ಶಕದಲ್ಲಿ ಹಿಡಿದರು. ಕೆಂಪು, ಕಿತ್ತಳೆ, ನೀಲಿ ಗೆರೆಗಳು ಕಂಡವು. ಆ ಜ್ವಾಲೆಗಳು ಕಾದು ಹೊಳೆಯುವ ಅನಿಲ ಎಂಬುದು ಇದರಿಂದ ಗೊತ್ತಾಯಿತು. ಕಿತ್ತಳೆ ಗೆರೆಯನ್ನು ಅವರು ಸೋಡಿಯಂನದೆಂದೇ ಎಣಿಸಿದರು. ಅವರ ಉಪಕರಣದ ಅಳತೆಗೆ ಎರಡೂ ಒಂದೇ ಜಾಗದಲ್ಲಿದ್ದವು.

ಗುಂಟೂರಿನಲ್ಲಿ ಫ್ರಾನ್ಸ್‌ನ ಜಾನ್ಸೆನ್ ಇದೇ ಗೆರೆಗಳನ್ನು ನೋಡಿದರು. ಇಷ್ಟು ಪ್ರಖರವಾದ ಗೆರೆಗಳು ಗ್ರಹಣವಿಲ್ಲದೆಯೂ ಕಾಣಬೇಕಲ್ಲ ಎಂದು ಮರುದಿನವೇ ಪ್ರಯತ್ನಿಸಿ ಗೆದ್ದರು. ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಲಾಕ್ಯರ್ ಕೂಡ ಗ್ರಹಣವಿಲ್ಲದೆಯೇ ಅವನ್ನು ಕಂಡರು. ಹಳದಿ ಗೆರೆ ಸೋಡಿಯಂ ಗೆರೆಗಳಿಗೆ ಹೊಂದುವುದಿಲ್ಲ ಎಂದು ತೋರಿಸಿದ್ದು ಅವರ ಅಳತೆ. ಸೂರ್ಯನ ಗ್ರೀಕ್ ಹೆಸರಿನಿಂದ ಆ ಹೊಸ ಮೂಲವಸ್ತುವಿಗೆ ಹೀಲಿಯಂ ಎಂಬ ಹೆಸರು ಬಂತು. ಭೂಮಿಯ ಮೇಲೆ ಅದನ್ನು ರಾಮ್ಸೆ ಕಂಡದ್ದು 1895ರಲ್ಲಿ, ಯುರೇನಿಯಂ ಇರುವ ಒಂದು ಖನಿಜದಲ್ಲಿ.

ಗುಂಟೂರಿನಲ್ಲಿ ಹೀಲಿಯಂ ಸಿಕ್ಕಿತು ಎಂದು ಒಂದೇ ಮಾತಿನಲ್ಲಿ ಹೇಳುವುದುಂಟು. ನಡೆದದ್ದು ಅಷ್ಟು ಸರಳವಲ್ಲ. ಹಲವರು ಕಂಡರು, ಒಬ್ಬರು ಸರಿಯಾಗಿ ಅಳೆದರು. ಕಂಡದ್ದಕ್ಕೆ ಗೊತ್ತಿರುವ ಹೆಸರನ್ನೇ ಅಂಟಿಸುವ ಅಭ್ಯಾಸ ನಮಗೆಲ್ಲ ಇದೆ. ಮುಂದೆ ಎಲ್ಲಾದರೂ ಹೀಲಿಯಂ ತುಂಬಿದ ಬಲೂನು ಮೇಲೇರುವುದನ್ನು ನೋಡಿದರೆ, ಜಮಖಂಡಿಯ ಆ ಮೋಡದ ಸಂದಿಯನ್ನೂ ಒಮ್ಮೆ ನೆನೆಯಿರಿ.